ಕೊಡದ ನೀರು, ಹಗಲ ಸೊಳ್ಳೆ

(ಮಹಿಳಾ ಸಂಘದ ಸಭೆಯಲ್ಲಿ ಆಡಿದ ಮಾತು)



ಇವತ್ತು ಒಂದು ಜ್ವರದ ಬಗ್ಗೆ ಮಾತಾಡೋಣ. ಅದರ ಹೆಸರು ಡೆಂಗಿ. ಕೆಲವರು ಡೆಂಗ್ಯೂ ಅಂತಾರೆ. ಕೆಲವರು ಡೆಂಗೆ ಅಂತಾರೆ. ಹೇಗೆ ಕರೆದರೂ ಜ್ವರ ಒಂದೇ. 2024ರಲ್ಲಿ ನಮ್ಮ ಕರ್ನಾಟಕದಲ್ಲಿ 30 ಸಾವಿರಕ್ಕೂ ಹೆಚ್ಚು ಜನರಿಗೆ ಈ ಜ್ವರ ಬಂತು. ಇದು ರಕ್ತ ಪರೀಕ್ಷೆಯಲ್ಲಿ ಗೊತ್ತಾದವರ ಲೆಕ್ಕ. ಪರೀಕ್ಷೆ ಮಾಡಿಸದೆ ಮನೆಯಲ್ಲೇ ಮಲಗಿ ಎದ್ದವರು ಈ ಲೆಕ್ಕದಲ್ಲಿ ಇಲ್ಲ. ಆ ವರ್ಷ ಸೆಪ್ಟೆಂಬರ್ ತಿಂಗಳಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿತು.

ನಿಮ್ಮಲ್ಲಿ ಹಿರಿಯರಿಗೆ 2006ನೇ ಇಸವಿ ನೆನಪಿರಬಹುದು. ಅದು ಚಿಕೂನ್‌ಗುನ್ಯ ಬಂದ ವರ್ಷ. ಮನೆಮಂದಿಯೆಲ್ಲ ಒಟ್ಟಿಗೇ ಮಲಗಿದ್ದರು. ಎದ್ದವರು ಗೋಡೆ ಹಿಡಿದು ನಡೆಯುತ್ತಿದ್ದರು. ಕೊಡ ಎತ್ತಲು ಕೈ ಬರುತ್ತಿರಲಿಲ್ಲ. ನಮ್ಮ ರಾಜ್ಯ ಒಂದರಲ್ಲೇ 7 ಲಕ್ಷಕ್ಕೂ ಹೆಚ್ಚು ಜನರಿಗೆ ಆ ಜ್ವರ ತಗುಲಿರಬಹುದು ಎಂದು ಸರ್ಕಾರದ ಲೆಕ್ಕ ಹೇಳಿತು. ಆ ಜ್ವರ ತಂದ ಸೊಳ್ಳೆಯೇ ಡೆಂಗಿಯನ್ನೂ ತರುತ್ತದೆ. ಎರಡು ರೋಗಕ್ಕೂ ಒಂದೇ ಸೊಳ್ಳೆ.

ಸೊಳ್ಳೆ ಅಂದರೆ ನಮಗೆ ಏನು ನೆನಪಾಗುತ್ತೆ? ಚರಂಡಿ, ಕೊಚ್ಚೆ, ತಿಪ್ಪೆ. ಸಂಜೆಯಾದರೆ ಗುಂಯ್ ಅನ್ನುವ ಸದ್ದು. ಈ ಸೊಳ್ಳೆ ಹಾಗಲ್ಲ ಕಣ್ರೀ. ಇದಕ್ಕೆ ಕೊಚ್ಚೆ ನೀರು ಹಿಡಿಸುವುದಿಲ್ಲ. ತಿಳಿಯಾದ ನಿಂತ ನೀರು ಬೇಕು. ಅಂದರೆ ನಾವು ಕುಡಿಯಲು, ಬಳಸಲು ಹಿಡಿದಿಟ್ಟ ನೀರು. ಇದು ಕಚ್ಚುವುದು ಹಗಲು ಹೊತ್ತಿನಲ್ಲಿ. ಬೆಳಗ್ಗೆ ನಾವು ಅಂಗಳ ಗುಡಿಸುವ ಹೊತ್ತು, ಸಂಜೆ ಹೊತ್ತು ಮುಳುಗುವ ಮುಂಚೆ, ಆಗ ಇದಕ್ಕೆ ಹಸಿವು ಹೆಚ್ಚು. ಸದ್ದು ಮಾಡುವುದೂ ಕಡಿಮೆ. ಕಾಲಿನ ಹತ್ತಿರ, ಹಿಂಬದಿಯಿಂದ ಬಂದು ಕಚ್ಚುತ್ತದೆ.

ನೋಡಲು ಸಣ್ಣದು, ಕಪ್ಪು ಬಣ್ಣ. ಕಾಲಿನ ಮೇಲೆ, ಮೈಮೇಲೆ ಬಿಳಿ ಪಟ್ಟೆಗಳು. ಅದಕ್ಕೇ ಇದನ್ನು ಹುಲಿ ಸೊಳ್ಳೆ ಅಂತಲೂ ಕರೀತಾರೆ. ಪುಸ್ತಕದ ಹೆಸರು ಈಡಿಸ್. ಆ ಹೆಸರು ಮರೆತರೂ ಚಿಂತೆಯಿಲ್ಲ, ಬಿಳಿ ಪಟ್ಟೆ ನೆನಪಿರಲಿ.

ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ. ಮೊಟ್ಟೆ ಇಡಲು ಅದಕ್ಕೆ ರಕ್ತ ಬೇಕು. ಡೆಂಗಿ ಜ್ವರ ಇರುವವರನ್ನು ಕಚ್ಚಿದಾಗ ರೋಗದ ವೈರಸ್ಸು ಸೊಳ್ಳೆಯ ಹೊಟ್ಟೆ ಸೇರುತ್ತದೆ. ಎಂಟು ಹತ್ತು ದಿನ ಅಲ್ಲಿ ಬೆಳೆಯುತ್ತದೆ. ಆಮೇಲೆ ಆ ಸೊಳ್ಳೆ ಯಾರನ್ನು ಕಚ್ಚಿದರೂ ಅವರಿಗೆ ರೋಗ ಬರಬಹುದು. ಮುಟ್ಟಿದರೆ ಬರಲ್ಲ. ಒಟ್ಟಿಗೆ ಊಟ ಮಾಡಿದರೆ ಬರಲ್ಲ. ಕೆಮ್ಮಿದರೆ ಬರಲ್ಲ. ಆದ್ದರಿಂದ ಜ್ವರದವರನ್ನು ದೂರ ಕೂರಿಸಬೇಡಿ. ಅವರನ್ನು ಸೊಳ್ಳೆ ಪರದೆಯೊಳಗೆ ಮಲಗಿಸಿ, ಹಗಲಿನಲ್ಲೂ. ಹಗಲಲ್ಲಿ ಪರದೆ ಕಟ್ಟಿದರೆ ನೋಡಿದವರು ನಗಬಹುದು. ನಗಲಿ ಬಿಡಿ. ಆ ಪರದೆ ಜ್ವರದವರಿಂದ ಉಳಿದ ಮಕ್ಕಳನ್ನು ಕಾಯುತ್ತೆ.

ಈಗ ನೀರಿನ ಮಾತಿಗೆ ಬರೋಣ. ನಾವು ಯಾವ ಊರಿಗೆ ಹೋದರೂ "ನಿಂತ ನೀರು ಚೆಲ್ಲಿ" ಅಂತ ಹೇಳ್ತೀವಿ. ಗೋಡೆ ಮೇಲೂ ಹಾಗೇ ಬರೆದಿರುತ್ತೆ. ಆಗ ಒಬ್ಬರಾದರೂ ಎದ್ದು ಕೇಳ್ತಾರೆ. "ಏನ್ರವ್ವ, ಎಂಟು ದಿನಕ್ಕೊಂದು ಸಲ ನಲ್ಲಿ ಬಿಡ್ತಾರೆ. ರಾತ್ರಿ ಎದ್ದು ಹಿಡಿದ ನೀರು. ಇದನ್ನ ಚೆಲ್ಲಿ ಅಂತೀರಲ್ಲ, ನೀವು ತಂದು ಕೊಡ್ತೀರಾ?" ಅಂತ.

ಇದು ನ್ಯಾಯವಾದ ಪ್ರಶ್ನೆ. ಕೋಲಾರ, ಚಿತ್ರದುರ್ಗ, ರಾಯಚೂರು, ಕೊಪ್ಪಳದ ಕಡೆ ಹೆಂಗಸರು ನೀರಿಗಾಗಿ ಪಡುವ ಪಾಡು ಎಲ್ಲರಿಗೂ ಗೊತ್ತು. ನಲ್ಲಿ ದಿನಾ ಬರುವ ಮನೆಯಲ್ಲಿ ನೀರು ಕೂಡಿಡುವ ಅಗತ್ಯ ಇಲ್ಲ. ನಲ್ಲಿ ಬಾರದ ಮನೆಯಲ್ಲಿ ಹತ್ತು ಕೊಡ, ಎರಡು ಡ್ರಮ್ಮು, ಒಂದು ತೊಟ್ಟಿ ತುಂಬಿರುತ್ತೆ. ಸೊಳ್ಳೆ ಹುಟ್ಟುವುದು ಅಲ್ಲೇ. ಇದರಲ್ಲಿ ಹೆಂಗಸರ ತಪ್ಪು ಏನೂ ಇಲ್ಲ. ಆದರೆ ಜ್ವರ ಬರುವುದು ನಮ್ಮ ಮಕ್ಕಳಿಗೆ. ಅದಕ್ಕೆ ನೀರನ್ನೂ ಉಳಿಸಬೇಕು, ಸೊಳ್ಳೆಯನ್ನೂ ತಡೀಬೇಕು. ದಾರಿ ಇದೆ. ಅದಕ್ಕೆ ಮುಂಚೆ ಸೊಳ್ಳೆ ಹೇಗೆ ಹುಟ್ಟುತ್ತೆ ಅನ್ನೋದು ತಿಳಿಯಬೇಕು.

ಹೆಣ್ಣು ಸೊಳ್ಳೆ ಮೊಟ್ಟೆಯನ್ನು ನೀರಿನ ಒಳಗೆ ಇಡುವುದಿಲ್ಲ. ತೊಟ್ಟಿಯ ಗೋಡೆಗೆ, ಕೊಡದ ಒಳಮೈಗೆ, ನೀರಿನ ಮಟ್ಟದಿಂದ ಸ್ವಲ್ಪ ಮೇಲೆ ಅಂಟಿಸುತ್ತದೆ. ಮೊಟ್ಟೆ ಕಪ್ಪಗೆ, ಎಳ್ಳಿಗಿಂತ ಬಹಳ ಸಣ್ಣಗೆ ಇರುತ್ತೆ. ಕಣ್ಣಿಗೆ ಕಸದ ಹಾಗೆ ಕಾಣುತ್ತೆ. ನೀರು ಒಣಗಿದರೂ ಆ ಮೊಟ್ಟೆ ಸಾಯುವುದಿಲ್ಲ. ತಿಂಗಳುಗಟ್ಟಲೆ ಹಾಗೇ ಕಾದಿರುತ್ತದೆ. ಮತ್ತೆ ನೀರು ತುಂಬಿದ ಕೂಡಲೇ ಒಡೆದು ಮರಿ ಹೊರಗೆ ಬರುತ್ತದೆ. ಬೇಸಿಗೆಯಲ್ಲಿ ಒಣಗಿದ ತೊಟ್ಟಿಗೆ ಮೃಗಶಿರಾ ಮಳೆಯಲ್ಲಿ ನೀರು ಬಿದ್ದರೆ, ಹಳೇ ಮೊಟ್ಟೆಯಿಂದಲೇ ಹೊಸ ಸೊಳ್ಳೆ ಏಳುತ್ತದೆ.

ಮೊಟ್ಟೆಯಿಂದ ಬಂದ ಹುಳುವನ್ನು ನೀವೆಲ್ಲ ನೋಡಿದ್ದೀರಿ. ಡ್ರಮ್ಮಿನ ನೀರಲ್ಲಿ ಕೊಂಕಿ ಕೊಂಕಿ ಕುಣಿಯುತ್ತೆ. ನೆರಳು ಬಿದ್ದರೆ ಸರ್ರನೆ ತಳಕ್ಕೆ ಇಳಿಯುತ್ತೆ. ಕೆಲವರು "ನೀರಿನ ಹುಳ, ಏನೂ ಮಾಡಲ್ಲ" ಅಂತಾರೆ. ಅದೇ ಸೊಳ್ಳೆಯ ಮರಿ. ಆರೋಗ್ಯ ಇಲಾಖೆಯವರು ಅದಕ್ಕೆ ಲಾರ್ವಾ ಅಂತಾರೆ. ಮೊಟ್ಟೆ ನೀರು ಕಂಡ ದಿನದಿಂದ ರೆಕ್ಕೆ ಬಂದು ಹಾರುವ ತನಕ ಸುಮಾರು ಎಂಟು ಹತ್ತು ದಿನ ಬೇಕು. ಹಾಗಾದರೆ ನಾವು ಏಳು ದಿನಕ್ಕೊಮ್ಮೆ ತೊಟ್ಟಿ ತೊಳೆದರೆ ಹುಳುವಿಗೆ ರೆಕ್ಕೆ ಬರಲು ಸಮಯವೇ ಸಿಗಲ್ಲ. ಲೆಕ್ಕ ಇಷ್ಟೇ.

ನೀರು ಚೆಲ್ಲದೆ ತೊಳೆಯೋದು ಹೇಗೆ? ನಲ್ಲಿ ಬರುವ ಹಿಂದಿನ ದಿನ ಪಾತ್ರೆಗಳು ಹೆಚ್ಚುಕಡಿಮೆ ಖಾಲಿಯಾಗಿರುತ್ತವೆ. ಆ ದಿನವನ್ನೇ ಹಿಡಿಯಿರಿ. ಉಳಿದ ನೀರನ್ನು ಎರಡು ಮಡಿಕೆ ಮಾಡಿದ ಹಳೇ ಹತ್ತಿ ಸೀರೆ ಬಟ್ಟೆಯಲ್ಲಿ ಸೋಸಿ ಬೇರೆ ಪಾತ್ರೆಗೆ ಹಾಕಿ. ಬಟ್ಟೆಯಲ್ಲಿ ನಿಂತ ಹುಳುಗಳನ್ನು ಬಿಸಿಲಿನ ಒಣ ಮಣ್ಣಿಗೆ ಕೊಡವಿ, ಸಾಯುತ್ತವೆ. ನೀರಿಗೆ ಮಾತ್ರ ಹಾಕಬೇಡಿ. ಆಮೇಲೆ ಖಾಲಿ ಪಾತ್ರೆಯ ಒಳಮೈಯನ್ನು ತೆಂಗಿನ ನಾರಿನಲ್ಲಿ ಗಟ್ಟಿಯಾಗಿ ಉಜ್ಜಿ. ಬರೀ ನೀರು ಸುತ್ತಿಸಿ ಚೆಲ್ಲಿದರೆ ಅಂಟಿದ ಮೊಟ್ಟೆ ಬಿಡುವುದಿಲ್ಲ. ಉಜ್ಜುವುದೇ ಮುಖ್ಯ. ಸಾಧ್ಯವಾದರೆ ಒಂದು ಹೊತ್ತು ಬಿಸಿಲಿಗೆ ಬೋರಲು ಹಾಕಿ. ನಂತರ ಸೋಸಿದ ನೀರು ತುಂಬಿಕೊಳ್ಳಿ. ಒಂದು ಕೊಡವೂ ನಷ್ಟ ಇಲ್ಲ.

ತುಂಬಿದ ಮೇಲೆ ಮುಚ್ಚಬೇಕು. ಡ್ರಮ್ಮಿಗೆ ಮುಚ್ಚಳ ಇದ್ದರೂ ಅದು ಸೊಟ್ಟಗಾಗಿ ಸಂದಿ ಬಿಟ್ಟಿದ್ದರೆ ಸೊಳ್ಳೆಗೆ ಅಷ್ಟು ಸಾಕು. ಹಳೇ ಬಟ್ಟೆಯನ್ನು ಬಾಯಿಗೆ ಬಿಗಿಯಾಗಿ ಎಳೆದು ಹಗ್ಗದಲ್ಲಿ ಕಟ್ಟಿ. ಬಟ್ಟೆ ಜೋತು ಬಿದ್ದು ನೀರಿಗೆ ತಾಗಬಾರದು. ಮುಚ್ಚಲು ಆಗದ ದೊಡ್ಡ ತೊಟ್ಟಿ, ಬಾವಿ ಇದ್ದರೆ ಗಪ್ಪಿ ಮೀನು ಬಿಡಬಹುದು. ಸಣ್ಣ ಮೀನು ಅದು. ಹುಳುಗಳನ್ನು ತಿಂದುಬಿಡುತ್ತೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಆರೋಗ್ಯ ಇಲಾಖೆಯವರು ಬಂದು ಬಳಕೆ ನೀರಿಗೆ ಹುಳು ಸಾಯುವ ಔಷಧಿ ಹಾಕುವುದೂ ಉಂಟು. ಅವರನ್ನು ಬಾಗಿಲಿಂದಲೇ ವಾಪಸ್ಸು ಕಳಿಸಬೇಡಿ.

ಇನ್ನು ನಮಗೆ ಬೇಡವಾದ ನೀರು. ಅದನ್ನು ಚೆಲ್ಲಲೇಬೇಕು. ಹಿತ್ತಲಿಗೆ ಹೋಗಿ ನೋಡಿ. ಮೂಲೆಯಲ್ಲಿ ಬಿದ್ದ ಹಳೇ ಟೈರು. ಕುಡಿದು ಎಸೆದ ಎಳನೀರು ಬುರುಡೆ. ತೆಂಗಿನ ಚಿಪ್ಪು. ಒಡೆದ ಗಡಿಗೆ. ಮಿಕ್ಸಿ ಬಂದ ಮೇಲೆ ಹೊರಗೆ ಹಾಕಿದ ಒರಳುಕಲ್ಲು. ಅಜ್ಜಿ ಕಾಲದ ಆ ಒರಳಿನಲ್ಲಿ ಮಳೆ ನೀರು ನಿಂತು ಸೊಳ್ಳೆಗೆ ತೊಟ್ಟಿಲಾಗಿದೆ. ಅದಕ್ಕೆ ಮಣ್ಣು ತುಂಬಿ ತುಳಸಿ ನೆಡಿ, ಇಲ್ಲ ಬೋರಲು ಹಾಕಿ. ದನ ಕುಡಿಯುವ ಬಾನಿಯನ್ನೂ ವಾರಕ್ಕೊಮ್ಮೆ ಉಜ್ಜಿ. ಮಲೆನಾಡು, ಕರಾವಳಿ ಕಡೆಯವರು ಅಡಿಕೆ ಹಾಳೆ ಮತ್ತು ರಬ್ಬರ್ ಹಾಲು ಹಿಡಿಯುವ ಚಿಪ್ಪುಗಳ ಮೇಲೆ ಕಣ್ಣಿಡಬೇಕು. ಕೆಲಸ ನಿಂತ ಮಳೆಗಾಲದಲ್ಲಿ ಆ ಚಿಪ್ಪುಗಳನ್ನು ಮಗುಚಿ ಇಡಬೇಕು. ಪೇಟೆ ಮನೆಗಳಲ್ಲಿ ಫ್ರಿಜ್ಜಿನ ಹಿಂದಿನ ತಟ್ಟೆ, ಕೂಲರ್, ಹೂಕುಂಡದ ಕೆಳಗಿನ ತಟ್ಟೆ. ಒಂದು ಲೋಟದಷ್ಟು ನೀರು ಇದ್ದರೂ ಸಾಕು, ಸೊಳ್ಳೆ ಸಂಸಾರ ಹೂಡುತ್ತೆ.

ಈ ಸೊಳ್ಳೆ ದೂರ ಹಾರುವುದಿಲ್ಲ. ಹುಟ್ಟಿದ ಜಾಗದ ಸುತ್ತಮುತ್ತಲೇ ಇರುತ್ತೆ. ಮಂಚದ ಕೆಳಗೆ, ನೇತುಹಾಕಿದ ಬಟ್ಟೆಯ ಹಿಂದೆ, ಕತ್ತಲೆ ಮೂಲೆಯಲ್ಲಿ ಅಡಗುತ್ತೆ. ನಿಮ್ಮ ಮಗುವನ್ನು ಕಚ್ಚಿದ ಸೊಳ್ಳೆ ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಹುಟ್ಟಿದ್ದೇ ಇರಬೇಕು. ಅದಕ್ಕೆ ಒಬ್ಬರು ತೊಳೆದು ಇನ್ನೊಬ್ಬರು ಬಿಟ್ಟರೆ ಫಲ ಇಲ್ಲ. ಇಡೀ ಓಣಿ ಒಂದೇ ದಿನ ಮಾಡಬೇಕು. ಶುಕ್ರವಾರ ಹೊಸ್ತಿಲು ತೊಳೆಯುವ ಪದ್ಧತಿ ಇದ್ದರೆ ಆ ದಿನವೇ ಆಗಲಿ. ಇಲ್ಲವೇ ಸಂತೆಯ ಹಿಂದಿನ ದಿನ ಇಟ್ಟುಕೊಳ್ಳಿ. ನಿಮ್ಮ ಸಂಘದಲ್ಲೇ ತೀರ್ಮಾನ ಮಾಡಿ.

ಕೆಲವರು ಕೇಳ್ತಾರೆ, "ಪಂಚಾಯಿತಿಯವರು ಹೊಗೆ ಬಿಡಿಸಿದರೆ ಸಾಲದೇ?" ಅಂತ. ಹೊಗೆ ಬಿಡುವ ಯಂತ್ರ ಸದ್ದು ಮಾಡುತ್ತೆ, ಹುಡುಗರು ಹಿಂದೆ ಓಡ್ತಾರೆ, ಏನೋ ದೊಡ್ಡ ಕೆಲಸ ಆಯಿತು ಅನ್ನಿಸುತ್ತೆ. ಆದರೆ ಹೊಗೆಗೆ ಸಾಯುವುದು ಆ ಹೊತ್ತಿಗೆ ಹಾರಾಡುವ ಸೊಳ್ಳೆ ಮಾತ್ರ. ತೊಟ್ಟಿಯೊಳಗಿನ ಹುಳುವಿಗೆ, ಗೋಡೆಯ ಮೊಟ್ಟೆಗೆ ಏನೂ ಆಗಲ್ಲ. ಜ್ವರ ಹಬ್ಬಿದಾಗ ಹೊಗೆ ಬಿಡಲಿ, ಬೇಡ ಅನ್ನಲ್ಲ. ಅದನ್ನೇ ನಂಬಿ ಕೂರಬಾರದು ಅಷ್ಟೆ.

ಈಗ ಜ್ವರದ ಬಗ್ಗೆ. ಇದನ್ನು ನಿಧಾನವಾಗಿ ಓದಿ. ಎರಡು ಸಲ ಓದಿದರೂ ಒಳ್ಳೆಯದೇ.

ಸೊಳ್ಳೆ ಕಚ್ಚಿದ ನಾಲ್ಕರಿಂದ ಹತ್ತು ದಿನದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ ಬರುತ್ತದೆ. ತಲೆನೋವು. ಕಣ್ಣುಗುಡ್ಡೆಯ ಹಿಂದೆ ನೋವು. ಮೈಕೈ, ಕೀಲು ಎಲ್ಲ ಮುರಿದು ಹಾಕಿದ ಹಾಗೆ. ವಾಕರಿಕೆ, ಮೈಮೇಲೆ ಕೆಂಪು ಗುಳ್ಳೆ ಬರಬಹುದು. ಬಹಳ ಜನರಿಗೆ ವಾರದಲ್ಲಿ ವಾಸಿಯಾಗುತ್ತದೆ. ಸ್ವಲ್ಪ ಜನರಿಗೆ ಜೀವಕ್ಕೇ ಬರುತ್ತದೆ. ಯಾರಿಗೆ ಹಾಗಾಗುತ್ತೆ ಅಂತ ಮೊದಲೇ ಹೇಳಲು ಆಗಲ್ಲ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಜಾತಿ ಇವೆ. ಒಂದು ಜಾತಿಯದು ಬಂದು ಹೋದರೂ ಉಳಿದ ಮೂರು ಬರಬಹುದು. ಎರಡನೇ ಸಲ ಬಂದಾಗ ಅಪಾಯ ಹೆಚ್ಚು. ಆದ್ದರಿಂದ "ನಮ್ಮ ಹುಡುಗನಿಗೆ ಹೋದ ವರ್ಷ ಬಂದಿತ್ತು, ಇನ್ನು ಬರಲ್ಲ" ಅನ್ನಬೇಡಿ.

ಡೆಂಗಿಯ ಮೋಸ ಇರುವುದು ಜ್ವರ ಇಳಿಯುವ ದಿನದಲ್ಲಿ. ಮೂರನೇ ದಿನದಿಂದ ಏಳನೇ ದಿನದೊಳಗೆ ಮೈ ತಣ್ಣಗಾಗುತ್ತದೆ. ತಾಯಿ ಏನು ಮಾಡ್ತಾಳೆ? "ಸದ್ಯ, ಜ್ವರ ಬಿಡ್ತು" ಅಂತ ತಲೆಗೆ ನೀರು ಹಾಕಿ ಮಗುವನ್ನು ಸ್ಕೂಲಿಗೆ ಕಳಿಸ್ತಾಳೆ. ತಾನು ಕೂಲಿಗೆ ಹೋಗ್ತಾಳೆ. ಬೇರೆ ಜ್ವರದಲ್ಲಿ ಇದು ಸರಿ. ಡೆಂಗಿಯಲ್ಲಿ ಅಪಾಯ ಶುರುವಾಗುವುದೇ ಆಗ. ಜ್ವರ ಇಳಿದ ಮೇಲಿನ ಒಂದೆರಡು ದಿನ ಮಗುವನ್ನು ಕಣ್ಣೆದುರಿಗೇ ಇಟ್ಟುಕೊಳ್ಳಬೇಕು.

ಆ ಹೊತ್ತಿನಲ್ಲಿ ದೇಹದೊಳಗೆ ಏನಾಗುತ್ತೆ? ಹೊಸ ಮಣ್ಣಿನ ಗಡಿಗೆ ನೀರು ಒಸರುತ್ತಲ್ಲ, ಹಾಗೆ ರಕ್ತನಾಳಗಳಿಂದ ನೀರಿನ ಅಂಶ ಒಸರಿ ಹೊರಗೆ ಹೋಗುತ್ತದೆ. ಉಳಿದ ರಕ್ತ ಗಟ್ಟಿಯಾಗುತ್ತದೆ. ಕೈಕಾಲಿಗೆ, ಮೂತ್ರಪಿಂಡಕ್ಕೆ, ಮೆದುಳಿಗೆ ರಕ್ತ ಸರಿಯಾಗಿ ಹೋಗುವುದಿಲ್ಲ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಎಂಬ ಕಣಗಳೂ ಕಡಿಮೆಯಾಗುತ್ತವೆ. ಊರಲ್ಲಿ ಇದನ್ನೇ "ಬಿಳಿ ರಕ್ತಕಣ ಇಳಿದಿದೆ" ಅಂತಾರೆ. ಬಿಳಿ ರಕ್ತಕಣ ಬೇರೆ, ಇದು ಬೇರೆ. ಪ್ಲೇಟ್‌ಲೆಟ್ ಸಂಖ್ಯೆ ನೋಡಿಯೇ ಹೆದರಿ ಸಾಲ ಮಾಡಿ ಓಡುವವರಿದ್ದಾರೆ. ಹೆಚ್ಚಿನವರಿಗೆ ಪ್ಲೇಟ್‌ಲೆಟ್ ಏರಿಸುವ ಅಗತ್ಯ ಬರುವುದಿಲ್ಲ. ತಾನಾಗಿ ಏರುತ್ತದೆ. ಸಂಖ್ಯೆಯ ಜೊತೆ ರೋಗಿಯನ್ನೂ ನೋಡಬೇಕು.

ಏನು ನೋಡಬೇಕು? ಹೊಟ್ಟೆ ತುಂಬಾ ನೋಯುತ್ತಿದೆಯೇ? ಬಿಡದೆ ವಾಂತಿ ಆಗುತ್ತಿದೆಯೇ? ಮೂಗು, ವಸಡಿನಿಂದ ರಕ್ತ ಬರುತ್ತಿದೆಯೇ? ವಾಂತಿಯಲ್ಲಿ ರಕ್ತ ಇದೆಯೇ? ಮಲ ಕಪ್ಪಗಿದೆಯೇ? ಕೈಕಾಲು ತಣ್ಣಗಾಗಿ ಬೆವರುತ್ತಿವೆಯೇ? ಮಗು ಸುಮ್ಮನೆ ಮಂಕಾಗಿ ಬಿದ್ದಿದೆಯೇ, ಇಲ್ಲವೇ ಚಡಪಡಿಸುತ್ತಿದೆಯೇ? ಆರು ಗಂಟೆಯಿಂದ ಉಚ್ಚೆ ಹೊಯ್ದಿಲ್ಲವೇ? ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಆಸ್ಪತ್ರೆಗೆ ಹೋಗಿ.

ಇನ್ನೊಂದು ಮಾತು ಇದೆ. ಗಂಡಸರ ಮುಂದೆ ಇದನ್ನು ಯಾರೂ ಹೇಳಲ್ಲ. ಡೆಂಗಿ ಬಂದಾಗ ಹೆಂಗಸರಿಗೆ ಮುಟ್ಟಿನಲ್ಲಿ ರಕ್ತ ವಿಪರೀತ ಹೋಗಬಹುದು. ದಿನವಲ್ಲದ ದಿನವೂ ಹೋಗಬಹುದು. ಅದೂ ಅಪಾಯದ ಗುರುತೇ. ನಾಚಿಕೊಂಡು ಮುಚ್ಚಿಡಬೇಡಿ. ಡಾಕ್ಟರಿಗೆ ಹೇಳಲು ಸಂಕೋಚವಾದರೆ ಆಶಾ ಕಾರ್ಯಕರ್ತೆಗೆ, ನರ್ಸಮ್ಮನಿಗೆ ಹೇಳಿ. ಬಸುರಿಗೆ ಜ್ವರ ಬಂದರೆ ಮೊದಲ ದಿನವೇ ಆಸ್ಪತ್ರೆಗೆ ತೋರಿಸಿ. ನಮ್ಮ ಮನೆಗಳಲ್ಲಿ ಹೆಂಗಸಿನ ಜ್ವರ ಒಲೆ ಮುಂದೆಯೇ ಬಂದು ಒಲೆ ಮುಂದೆಯೇ ಹೋಗಬೇಕು ಅನ್ನೋ ಹಾಗಿರುತ್ತೆ. ಎಲ್ಲರಿಗೂ ಬಡಿಸಿ, ಪಾತ್ರೆ ತೊಳೆದು, ಆಮೇಲೆ ಮಲಗ್ತೀವಿ. ಡೆಂಗಿಗೆ ಬೇಕಾದ ಮೊದಲ ಮದ್ದೇ ಮಲಗುವುದು. ಸೊಸೆಗೆ ಜ್ವರ ಬಂದರೆ ಅತ್ತೆ, ಅತ್ತೆಗೆ ಬಂದರೆ ಮಗ ಒಲೆ ಹಚ್ಚಲಿ.

ಈ ವೈರಸ್ಸನ್ನು ಕೊಲ್ಲುವ ಮಾತ್ರೆ ಇಲ್ಲ. ಜ್ವರ ಇಳಿಸಲು ಪ್ಯಾರಸಿಟಮಾಲ್ ಒಂದೇ ಸಾಕು. ಎಷ್ಟು ಮಾತ್ರೆ, ಎಷ್ಟು ಹೊತ್ತಿಗೊಮ್ಮೆ ಎಂದು ಡಾಕ್ಟರನ್ನು ಕೇಳಿ. ಮಕ್ಕಳಿಗೆ ತೂಕ ನೋಡಿ ಕೊಡಬೇಕು. ಆಸ್ಪಿರಿನ್ ಬೇಡ. ಐಬುಪ್ರೊಫೆನ್ ಬೇಡ. ಡೈಕ್ಲೊಫೆನಾಕ್ ಬೇಡ. ಇವು ಮೈಕೈ ನೋವಿನ ಮಾತ್ರೆಗಳು, ರಕ್ತಸ್ರಾವ ಹೆಚ್ಚು ಮಾಡುತ್ತವೆ. "ಒಂದು ಸೂಜಿ ಹಾಕಿ" ಅಂತ ನಾವೇ ಕೇಳುವ ಅಭ್ಯಾಸ ಇದೆ ನೋಡಿ, ಅದನ್ನೂ ಬಿಡಬೇಕು. ಮಾತ್ರೆ ಹಾಳೆಯ ಮೇಲೆ ಇಂಗ್ಲಿಷ್ ಇರುತ್ತೆ, ಓದಲು ಆಗಲ್ಲ. ಅಂಗಡಿಯವರಿಗೆ "ಇದರ ಹೆಸರು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಡಿ" ಅಂತ ಕೇಳಿ. ಕೊಟ್ಟ ಮೇಲೆ ನೀವೇ ಓದಿ. ಕೇಳಲು ಹಿಂಜರಿಯಬೇಡಿ, ದುಡ್ಡು ಕೊಡುವವರು ನೀವು.

ಕುಡಿಯಲು ಮೇಲಿಂದ ಮೇಲೆ ಕೊಡಿ. ಗಂಜಿ, ಮಜ್ಜಿಗೆ, ಎಳನೀರು, ಓ.ಆರ್.ಎಸ್. ನೀರು. ಓ.ಆರ್.ಎಸ್. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ, ಅದೇ ದಿನ ಮುಗಿಸಿ. ಪರಂಗಿ ಎಲೆ ರಸದ ಸುದ್ದಿ ಎಲ್ಲೆಡೆ ಇದೆ. ಅದನ್ನು ಕುಡಿಸಿದ್ದೀವಿ, ಇನ್ನು ಆಸ್ಪತ್ರೆ ಬೇಡ ಅಂತ ಕೂತರೆ ಕೈಮೀರುತ್ತೆ. ಕಹಿಗೆ ವಾಂತಿ ಮಾಡುವ ಮಗುವಿಗೆ ಅದನ್ನು ಬಲವಂತ ಮಾಡುವುದಂತೂ ಬೇಡ.

ಈಗ ನೀವು ಕಲಿತ ಅಕ್ಷರಕ್ಕೆ ಒಂದು ಕೆಲಸ. ಮನೆಯಲ್ಲಿ ಯಾರಿಗೇ ಜ್ವರ ಬಂದರೂ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಕಿನ ಕೆಳಗೆ "ಜ್ವರ 1" ಎಂದು ಬರೆಯಿರಿ. ಮರುದಿನ "ಜ್ವರ 2". ಹೀಗೇ ಬರೆಯುತ್ತಾ ಹೋಗಿ. ಡಾಕ್ಟರು ಮೊದಲು ಕೇಳುವುದು "ಇವತ್ತು ಎಷ್ಟನೇ ದಿನ?" ಅಂತ. "ಮೊನ್ನೆಯೋ ಆಚೆ ಮೊನ್ನೆಯೋ" ಅಂದರೆ ಅವರಿಗೆ ಕಷ್ಟ. ಯಾಕೆಂದರೆ ಮೊದಲ ಐದು ದಿನದೊಳಗೆ ಎನ್.ಎಸ್. 1 ಎಂಬ ಪರೀಕ್ಷೆ ಮಾಡಬೇಕು. ಐದು ದಿನ ದಾಟಿದರೆ ಐ.ಜಿ.ಎಂ. ಎಂಬ ಬೇರೆ ಪರೀಕ್ಷೆ. ದಿನ ತಪ್ಪಿದರೆ ರೋಗ ಇದ್ದರೂ ಇಲ್ಲ ಅಂತ ಬರಬಹುದು. ಜ್ವರ ಇಳಿಯುವ ಅಪಾಯದ ದಿನ ಯಾವುದು ಅನ್ನುವುದೂ ಇದೇ ಬರಹದಿಂದ ಗೊತ್ತಾಗುತ್ತೆ.

ಕೊನೆಗೆ ಪಂಚಾಯಿತಿ ವಿಷಯ. ಮನೆಯಲ್ಲಿ ಸೊಳ್ಳೆ ಹುಳು ಸಿಕ್ಕಿದರೆ ದಂಡ ಹಾಕಬಹುದು ಅಂತ 2024ರಲ್ಲಿ ಸರ್ಕಾರ ನಿಯಮ ಮಾಡಿತು. ಹಳ್ಳಿಯ ಮನೆಗೆ 200 ರೂಪಾಯಿ, ಪಟ್ಟಣದ ಮನೆಗೆ 400 ರೂಪಾಯಿ. ದಂಡ ನಮಗಾದರೆ ನೀರು ಸರಿಯಾಗಿ ಬಿಡುವ ಜವಾಬ್ದಾರಿ ಪಂಚಾಯಿತಿಗೆ. ನೀರು ಎರಡು ದಿನಕ್ಕೊಮ್ಮೆ ಬಂದರೆ ನಾವು ಎಂಟು ದಿನದ ನೀರು ಕೂಡಿಡುವುದಿಲ್ಲ. ಇದನ್ನು ಬಾಯಲ್ಲಿ ಹೇಳಿದರೆ ಗಾಳಿಗೆ ಹೋಗುತ್ತೆ. ಬರೆದು ಕೊಡಿ. ಹೀಗೆ ಬರೆಯಬಹುದು.

"ಗ್ರಾಮ ಪಂಚಾಯಿತಿ ಅಧ್ಯಕ್ಷರಿಗೆ ಮತ್ತು ಅಭಿವೃದ್ಧಿ ಅಧಿಕಾರಿಗಳಿಗೆ. ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನೀರು ಬರುತ್ತಿದೆ. ಅದರಿಂದ ನೀರು ಕೂಡಿಡಬೇಕಾಗಿದೆ. ಅದರಲ್ಲಿ ಡೆಂಗಿ ಸೊಳ್ಳೆ ಹುಟ್ಟುತ್ತಿದೆ. ನಾವು ವಾರಕ್ಕೊಮ್ಮೆ ಪಾತ್ರೆ ತೊಳೆಯುತ್ತೇವೆ. ನೀವು ಎರಡು ದಿನಕ್ಕೊಮ್ಮೆ ನೀರು ಬಿಡಬೇಕು. ಒಡೆದ ಪೈಪು ಸರಿ ಮಾಡಿಸಬೇಕು. ಇಂತಿ ನಿಮ್ಮ ವಿಶ್ವಾಸಿಗಳು."

ಕೆಳಗೆ ಎಲ್ಲರೂ ಸಹಿ ಹಾಕಿ. ಹೆಬ್ಬೆಟ್ಟು ಬೇಡ. ನಿಧಾನವಾದರೂ ಪೂರ್ತಿ ಹೆಸರು ಬರೆಯಿರಿ. ತಾರೀಕು ಹಾಕಿ. ಎರಡು ಪ್ರತಿ ಮಾಡಿ. ಒಂದನ್ನು ಅವರಿಗೆ ಕೊಟ್ಟು, ಇನ್ನೊಂದರ ಮೇಲೆ ಕಚೇರಿಯ ಮೊಹರು ಮತ್ತು ಸಹಿ ಹಾಕಿಸಿಕೊಂಡು ಸಂಘದ ಪುಸ್ತಕದಲ್ಲಿ ಇಟ್ಟುಕೊಳ್ಳಿ. ಮುಂದಿನ ಗ್ರಾಮಸಭೆಗೆ ಅದನ್ನು ಕೈಯಲ್ಲಿ ಹಿಡಿದೇ ಹೋಗಿ.